ವಿದ್ಯುತ್ ಬೇಡದ ಬೇಸ್: ಬ್ರಯನ್ ರಿಚಿಯ ನಲವತ್ತು ವರ್ಷ

1981ರಲ್ಲಿ ಮಿಲ್ವಾಕಿಯ ಶ್ಲಿಟ್ಜ್ ಬಿಯರ್ ಕಾರ್ಖಾನೆ ಬಾಗಿಲು ಹಾಕಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯಲ್ಲಿರುವ ಈ ಊರು ಜರ್ಮನ್ ವಲಸಿಗರ ಬಿಯರ್ ಭಟ್ಟಿಗಳಿಂದಲೂ ಯಂತ್ರದ ಕಾರ್ಖಾನೆಗಳಿಂದಲೂ ಬದುಕಿದ್ದು. ಹಾರ್ಲಿ-ಡೇವಿಡ್‌ಸನ್ ಮೋಟಾರ್‌ಸೈಕಲ್ ಹುಟ್ಟಿದ್ದೂ ಇಲ್ಲಿಯೇ. ದುಡಿಮೆಗೆ ಹೆಸರಾಗಿದ್ದ ಊರಿನಲ್ಲಿ ಆಗ ದುಡಿಮೆಗೇ ಕುತ್ತು ಬಂದಿತ್ತು. ಸಂಗೀತದ ವಿಷಯಕ್ಕೆ ಬಂದರೆ, ದಕ್ಷಿಣಕ್ಕೆ ಎರಡು ಗಂಟೆ ದಾರಿಯ ಶಿಕಾಗೋ ನಗರದ ನೆರಳಿನಲ್ಲಿ ಮಿಲ್ವಾಕಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊಸ ತಂಡ ಹುಡುಕಿಕೊಂಡು ರೆಕಾರ್ಡ್ ಕಂಪನಿಯವರು ಅಲ್ಲಿಗೆ ಬರುವ ಪ್ರಶ್ನೆಯೇ ಇರಲಿಲ್ಲ.

ಆ ಊರಿನ ಮೂವರು ಅದೇ ವರ್ಷ ಬೀದಿಯಲ್ಲಿ ನಿಂತು ನುಡಿಸುತ್ತಿದ್ದರು. ಹಾಡುಗಾರ ಗಾರ್ಡನ್ ಗ್ಯಾನೊ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರ ಮಗ, ಹದಿನೆಂಟರ ಹುಡುಗ. ಡ್ರಮ್ ನುಡಿಸುತ್ತಿದ್ದ ವಿಕ್ಟರ್ ಡಿಲೊರೆಂಜೊ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ. ಥಿಯೇಟರ್ ಎಕ್ಸ್ ಎಂಬ ಸ್ಥಳೀಯ ನಾಟಕ ತಂಡದಲ್ಲಿ ನಟನಾಗಿ ಪಳಗಿದವನು. ಮೂರನೆಯವನು ಇಪ್ಪತ್ತರ ಬ್ರಯನ್ ರಿಚಿ. ಅವನ ಕೊರಳಿಗೆ ಒಂದು ಬೃಹತ್ ಗಿಟಾರ್ ತೂಗುತ್ತಿತ್ತು. ಮೊದಲು ನೋಡಿದವರಿಗೆ ಅದೇನು ವಾದ್ಯವೆಂದು ತಿಳಿಯುವುದೇ ಕಷ್ಟವಿತ್ತು. ತಂಡದ ಹೆಸರು ವೈಲೆಂಟ್ ಫೆಮ್ಸ್. ಮುಂದೆ ಜನಪದ ಪಂಕ್ ಎಂದು ಹೆಸರು ಪಡೆದ ಸಂಗೀತಕ್ಕೆ ಅಮೆರಿಕದಲ್ಲಿ ಬುನಾದಿ ಹಾಕಿದವರೆಂದು ಇಂದು ಇವರನ್ನೇ ಹೇಳುತ್ತಾರೆ. ಇವರ ಕಥೆ ಬರೆದವರು ಹೆಚ್ಚಾಗಿ ಗ್ಯಾನೊನ ಕಥೆಯನ್ನೇ ಬರೆದಿದ್ದಾರೆ. ಹಾಡು ಬರೆದವನು, ಹಾಡಿದವನು ಅವನೇ ಆದದ್ದರಿಂದ ಅದು ಸಹಜ. ಆದರೆ ಆ ಹಾಡುಗಳು ಕಿವಿಗೆ ಹೀಗೆಯೇ ಕೇಳಿಸಬೇಕೆಂದು ತೀರ್ಮಾನಿಸಿದ್ದರಲ್ಲಿ ರಿಚಿಯ ಪಾಲು ದೊಡ್ಡದು. ತಂಡದ ನಲವತ್ತು ವರ್ಷಗಳ ಸಾಧನೆಯೂ ಜಗಳವೂ ಆ ಪಾಲಿನ ಸುತ್ತಲೇ ನಡೆದಿವೆ.

ಪಂಕ್ ಎಂದರೆ ಆಗ ಸಿಟ್ಟು, ವೇಗ, ಕಿವಿಗಡಚಿಕ್ಕುವ ಆಂಪ್ಲಿಫೈಯರ್. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ 1976ರ ಸುಮಾರಿಗೆ ಎದ್ದ ಆ ಅಲೆಯ ಮೂಲ ಮಾತು ಸರಳವಾದದ್ದು: ಮೂರು ಸ್ವರಮೇಳ ಬಂದರೆ ಸಾಕು, ತಂಡ ಕಟ್ಟಬಹುದು. 1981ರ ಹೊತ್ತಿಗೆ ಆ ಅಲೆ ಇಳಿದು ಸಿಂಥಸೈಜರ್ ಮತ್ತು ಡ್ರಮ್ ಯಂತ್ರಗಳ ಕಾಲ ಶುರುವಾಗಿತ್ತು. ಆ ಆಗಸ್ಟ್ 1ರಂದು ಎಂಟಿವಿ ಆರಂಭವಾಯಿತು. ಹಾಡು ನೋಡುವ ವಸ್ತುವಾಗುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಪಂಕ್‌ನ ಸಿಟ್ಟನ್ನು ಹಾಗೆಯೇ ಉಳಿಸಿಕೊಂಡು ಅದರ ವಿದ್ಯುತ್ತನ್ನು ಮಾತ್ರ ಕಿತ್ತುಹಾಕುವುದು ಯಾರಿಗೂ ಹೊಳೆಯದ ಯೋಚನೆ. ಅದು ಈ ಮೂವರಿಗೆ ಹೊಳೆದದ್ದಕ್ಕೆ ಬೀದಿಯೇ ಕಾರಣ. ಊರಿನ ಕ್ಲಬ್ಬುಗಳು ಇವರಿಗೆ ವೇದಿಕೆ ಕೊಡುತ್ತಿರಲಿಲ್ಲ. ಬೀದಿಯಲ್ಲಿ ಪ್ಲಗ್ ಹಾಕಲು ಜಾಗವಿರಲಿಲ್ಲ.

ಗ್ಯಾನೊ ಮರದ ಗಿಟಾರ್ ಹಿಡಿದರೆ ಅವನ ಕೆಲಸ ಆಯಿತು. ಡಿಲೊರೆಂಜೊ ತನ್ನ ವಾದ್ಯಗಳ ದೊಡ್ಡ ಸೆಟ್ಟನ್ನು ಬಿಟ್ಟು ಒಂದು ಸ್ನೇರ್ ಡ್ರಮ್ಮಿಗೆ ಇಳಿದ. ಅದನ್ನು ಬ್ರಶ್ಶಿನಿಂದ, ನಿಂತೇ ನುಡಿಸಿದ. ಜತೆಗೆ ಒಂದು ತಗಡಿನ ಬುಟ್ಟಿಯನ್ನು ಇನ್ನೊಂದು ಡ್ರಮ್ಮಿನ ಮೇಲೆ ಬೋರಲು ಹಾಕಿ ತನ್ನದೇ ಒಂದು ವಾದ್ಯ ಮಾಡಿಕೊಂಡು ಅದಕ್ಕೆ ಟ್ರಾನ್ಸಫೋನ್ ಎಂದು ಹೆಸರಿಟ್ಟ. ನಿಜವಾದ ತೊಡಕು ಇದ್ದದ್ದು ರಿಚಿಗೆ.

ಬೇಸ್ ಗಿಟಾರಿನ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಕೆಳಗಿನ ತಂತಿಗಿಂತ ಒಂದು ಸ್ಥಾಯಿ ಕೆಳಗೆ. ಮೃದಂಗದ ಎಡಮುಖ ಮಾಡುವ ಕೆಲಸವನ್ನು ರಾಕ್ ತಂಡದಲ್ಲಿ ಇದು ಸ್ವರ ಹಿಡಿದು ಮಾಡುತ್ತದೆ ಎನ್ನಬಹುದು. ಇಷ್ಟು ಮಂದ್ರವಾದ ನಾದವನ್ನು ವಿದ್ಯುತ್ತಿಲ್ಲದೆ ನಾಲ್ಕು ಮಾರು ದೂರಕ್ಕೆ ಕೇಳಿಸಬೇಕಾದರೆ ವಾದ್ಯದ ಒಡಲೊಳಗೆ ಬಹಳ ಗಾಳಿ ಇರಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರೂ ಜ್ಯಾಝ್‌ನವರೂ ಆಳೆತ್ತರದ ಡಬಲ್ ಬೇಸನ್ನು ನೆಲಕ್ಕೂರಿ ನುಡಿಸುವುದು ಇದೇ ಕಾರಣಕ್ಕೆ. 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಬೇಸ್ ಆ ಭಾರವನ್ನು ಇಳಿಸಿತು. ಆದರೆ ತಂತಿ ಸಿಕ್ಕಿಸದಿದ್ದರೆ ಅದಕ್ಕೆ ದನಿಯೇ ಇಲ್ಲ.

ಇವೆರಡರ ನಡುವಿನ ದಾರಿಯನ್ನು ಕ್ಯಾಲಿಫೋರ್ನಿಯಾದ ಎರ್ನಿ ಬಾಲ್ ಎಂಬ ಗಿಟಾರ್ ತಂತಿ ತಯಾರಕ ಹುಡುಕಿದ್ದ. ಮೆಕ್ಸಿಕೋದ ಮರಿಯಾಚಿ ಮೇಳಗಳಲ್ಲಿ ಗಿಟರೋನ್ ಎಂಬ ಹೊಟ್ಟೆ ಉಬ್ಬಿದ ಮಂದ್ರ ಗಿಟಾರ್ ಇರುತ್ತದೆ. ಮೇಳದವರು ಅದನ್ನು ಹೊಟ್ಟೆಗಾನಿಸಿಕೊಂಡು ಓಡಾಡುತ್ತಲೇ ನುಡಿಸುತ್ತಾರೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಫೆಂಡರ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಜಾರ್ಜ್ ಫುಲರ್ಟನ್ ಜತೆ ಸೇರಿ ಬಾಲ್ 1972ರಲ್ಲಿ ಅರ್ತ್‌ವುಡ್ ಎಂಬ ಅಕೌಸ್ಟಿಕ್ ಬೇಸ್ ಗಿಟಾರ್ ತಂದ. ನಾಲ್ಕು ತಂತಿ, ಎಲೆಕ್ಟ್ರಿಕ್ ಬೇಸಿನಂತೆ ಮೆಟ್ಟಿಲುಗಳು, ಆದರೆ ತೋಳು ಬಳಸಿ ಹಿಡಿಯಲು ತಿಣುಕಬೇಕಾದಷ್ಟು ಆಳದ ಮರದ ಒಡಲು. ಅದು ಹೆಚ್ಚು ಮಾರಾಟವಾಗಲಿಲ್ಲ. ನಡುವೆ ತಯಾರಿಕೆ ನಿಂತು, ಮತ್ತೆ ಶುರುವಾಗಿ, 1985ಕ್ಕೆ ಮುಗಿದೇಹೋಯಿತು. ವ್ಯಾಪಾರದ ಲೆಕ್ಕದಲ್ಲಿ ಸೋತ ಈ ವಾದ್ಯವೇ ರಿಚಿಯ ಗುರುತಾಯಿತು.

ವಾದ್ಯ ಸಿಕ್ಕರಷ್ಟೇ ಸಾಲದು. ಅದನ್ನು ನುಡಿಸಿದ ರೀತಿ ಮುಖ್ಯ. ಆ ಒಡಲಿನಿಂದ ದನಿ ಹೊರಡಬೇಕಾದರೆ ತಂತಿಯನ್ನು ಬಲವಾಗಿಯೇ ಮೀಟಬೇಕು. ಮೆತ್ತಗೆ ಮೀಟಿದರೆ ಬೀದಿಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಹಾಗಾಗಿ ರಿಚಿಯ ಬೇಸಿನಲ್ಲಿ ನಾದದ ಜತೆಗೆ ತಂತಿ ಮರಕ್ಕೆ ತಾಗುವ ಟಕಟಕವೂ ಕೇಳಿಸುತ್ತದೆ, ಅದೂ ಒಂದು ತಾಳವೇ ಆಗುತ್ತದೆ. ಗ್ಯಾನೊ ಗಿಟಾರಿನಲ್ಲಿ ಸ್ವರಮೇಳವನ್ನು ಉಜ್ಜುತ್ತಾ ಹಾಡುವವನು. ಬಿಡಿಬಿಡಿಯಾಗಿ ಸ್ವರಗಳನ್ನು ಹೆಣೆಯುವ ಕೆಲಸ ಬಹುಮಟ್ಟಿಗೆ ಬೇಸಿನ ಪಾಲಿಗೆ ಬಂತು. ರಾಕ್ ತಂಡದಲ್ಲಿ ಬೇಸ್ ಪಕ್ಕವಾದ್ಯ. ರಿಚಿ ಅದನ್ನು ಪಕ್ಕದಲ್ಲಿ ಕೂರಲು ಬಿಡಲಿಲ್ಲ. ಹಾಡಿನ ಸಾಲು ಮುಗಿದ ಕಡೆ ನುಗ್ಗಿ ಬಂದು ತನ್ನದೊಂದು ಮಾತು ಹೇಳಿ ಹೋಗುವ ಬೇಸ್ ಅದು.

1981ರ ಆಗಸ್ಟ್ 23ರಂದು ಅವರು ಓರಿಯೆಂಟಲ್ ಥಿಯೇಟರಿನ ಮುಂದೆ ನಿಂತು ನುಡಿಸುತ್ತಿದ್ದರು. 1927ರಲ್ಲಿ ಸಿನಿಮಾ ಮಂದಿರವಾಗಿ ಕಟ್ಟಿದ ಈ ಕಟ್ಟಡಕ್ಕೆ ಭಾರತದ ಅರಮನೆ ಗುಡಿಗಳ ಕಲ್ಪನೆಯಲ್ಲಿ ಅಲಂಕಾರ ಮಾಡಿದ್ದಾರೆ. ಒಳಗೆ ಬುದ್ಧನ ದೊಡ್ಡ ವಿಗ್ರಹಗಳು, ಸಾಲುಸಾಲು ಆನೆಗಳು, ಸಿಂಹಗಳು. ಆ ಸಂಜೆ ಒಳಗಿನ ಕಛೇರಿ ಪ್ರಿಟೆಂಡರ್ಸ್ ತಂಡದ್ದು, ಆಗ ಹೆಸರು ಮಾಡಿದ್ದ ಬ್ರಿಟಿಷ್ ತಂಡ. ಅದರ ಗಿಟಾರ್ ವಾದಕ ಜೇಮ್ಸ್ ಹನಿಮನ್-ಸ್ಕಾಟ್ ಹೊರಗೆ ಬಂದವನು ಈ ಮೂವರನ್ನು ಕೇಳಿ ನಿಂತುಬಿಟ್ಟ. ವಿಷಯ ಗಾಯಕಿ ಕ್ರಿಸ್ಸಿ ಹೈಂಡ್‌ಗೆ ಮುಟ್ಟಿತು. ಅದೇ ರಾತ್ರಿ ತಮ್ಮ ಕಛೇರಿಗೆ ಮೊದಲು ಸ್ವಲ್ಪ ಹೊತ್ತು ವೇದಿಕೆಯ ಮೇಲೆ ನುಡಿಸುವಂತೆ ಆಕೆ ಇವರನ್ನು ಕರೆದಳು. ಬೀದಿಯಿಂದ ನೇರ ಒಳಗೆ ಹೋಗಿ, ಅದೇ ಮರದ ವಾದ್ಯಗಳಲ್ಲಿ ನುಡಿಸಿದರು.

ಇದನ್ನು ಕಿನ್ನರ ಕಥೆಯಂತೆ ಆಗಾಗ ಬರೆದಿದ್ದಾರೆ. ಮರುದಿನವೇ ಯಾವ ಬಾಗಿಲೂ ತೆರೆಯಲಿಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಮುಂದಿನ ವರ್ಷ ಡಿಲೊರೆಂಜೊನ ತಂದೆ 10,000 ಡಾಲರ್ ಸಾಲ ಕೊಟ್ಟರು. ಆ ಹಣದಲ್ಲಿ 1982ರ ಜುಲೈಯಲ್ಲಿ ಅದೇ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಸ್ಟುಡಿಯೋದಲ್ಲಿ ಮಾರ್ಕ್ ವ್ಯಾನ್ ಹೆಕಿಯ ನಿರ್ಮಾಣದಲ್ಲಿ ಮೊದಲ ಆಲ್ಬಮ್ ಧ್ವನಿಮುದ್ರಣವಾಯಿತು. ಹನಿಮನ್-ಸ್ಕಾಟ್ ಅದನ್ನು ಕೇಳಲಿಲ್ಲ. ಆ ಜೂನ್ 16ರಂದು, 25ನೇ ವಯಸ್ಸಿನಲ್ಲಿ ಅವನು ಮಾದಕ ವಸ್ತುವಿಗೆ ಬಲಿಯಾಗಿದ್ದ.

ಲಾಸ್ ಏಂಜಲೀಸಿನ ಸ್ಲ್ಯಾಶ್ ರೆಕಾರ್ಡ್ಸ್ 1983ರ ಏಪ್ರಿಲ್‌ನಲ್ಲಿ ಆ ಆಲ್ಬಮ್ಮನ್ನು ಹೊರತಂದಿತು. ಪಂಕ್ ಪತ್ರಿಕೆಯಾಗಿ ಶುರುವಾಗಿ ರೆಕಾರ್ಡ್ ಕಂಪನಿಯಾಗಿ ಬೆಳೆದ ಸಂಸ್ಥೆ ಅದು. ತಂಡದ ಹೆಸರೇ ಆಲ್ಬಮ್ಮಿನ ಹೆಸರು. ಹೊದಿಕೆಯ ಮೇಲೆ ಪಾಳು ಮನೆಯೊಂದರ ಒಳಗೆ ಇಣುಕಿ ನೋಡುತ್ತಿರುವ ಪುಟ್ಟ ಹುಡುಗಿ. ಒಳಗೆ ಹತ್ತು ಹಾಡು, ಹೆಚ್ಚಿನವು ಗ್ಯಾನೊ ಹೈಸ್ಕೂಲಿನಲ್ಲಿದ್ದಾಗಲೇ ಬರೆದವು. ಹದಿಹರೆಯದ ಹುಡುಗನ ಕಾಮ, ಅವಮಾನ, ಒಂಟಿತನ, ಅಪ್ಪನ ಮೇಲಿನ ಸಿಟ್ಟು ಎಲ್ಲವೂ ಅಲ್ಲಿ ಮುಚ್ಚುಮರೆಯಿಲ್ಲದೆ ಇವೆ. ಅವನ್ನು ದೊಡ್ಡವರಾದ ಮೇಲೆ ಯಾರೂ ಬರೆಯಲಾರರು.

ರಿಚಿ ಏನು ಮಾಡಿದ ಎಂದು ತಿಳಿಯಬೇಕಾದರೆ ಎರಡು ಹಾಡು ಹತ್ತಿರದಿಂದ ಕೇಳಬೇಕು. ಮೊದಲ ಹಾಡು ‘ಬ್ಲಿಸ್ಟರ್ ಇನ್ ದ ಸನ್’. ಇದರ ಆರಂಭದ ಪುಟ್ಟ ವರಸೆಯನ್ನು ಕೇಳಿದವರು ಮರೆಯುವುದಿಲ್ಲ: ಗಿಟಾರ್ ಮತ್ತು ಬೇಸ್ ಒಂದೇ ಸ್ವರಸಾಲನ್ನು ಹಿಡಿದು ಹೋಗುತ್ತವೆ, ನಡುವೆ ಡ್ರಮ್ಮಿನ ಎರಡು ಪೆಟ್ಟು. ಮೂರೇ ವಾದ್ಯ, ಅವುಗಳ ನಡುವೆ ಬೇಕಾದಷ್ಟು ಖಾಲಿ ಜಾಗ. ಹಾಡಿನ ನಡುವೆ ದನಿ ಪಿಸುಮಾತಿಗೆ ಇಳಿದಾಗ ಬೇಸ್ ಕೂಡ ಇಳಿಯುತ್ತದೆ. ಮತ್ತೆ ಏರುವಾಗ ಒಟ್ಟಿಗೇ ಏರುತ್ತದೆ. ಈ ಏರಿಳಿತ ಬೀದಿಯಲ್ಲಿ ಕಲಿತ ವಿದ್ಯೆ. ದಾರಿಹೋಕರನ್ನು ನಿಲ್ಲಿಸಲು ಒಮ್ಮೆ ಕೂಗಬೇಕು, ಹತ್ತಿರಕ್ಕೆ ಕರೆಯಲು ಒಮ್ಮೆ ಪಿಸುಗುಟ್ಟಬೇಕು.

ಎರಡನೆಯದು ‘ಗಾನ್ ಡ್ಯಾಡಿ ಗಾನ್’. ಇದರಲ್ಲಿ ಕಿವಿ ಹಿಡಿಯುವ ವಾದ್ಯ ಕ್ಸೈಲೋಫೋನ್, ನುಡಿಸಿದವನು ರಿಚಿಯೇ. ಪಂಕ್ ಹಾಡಿನಲ್ಲಿ ಮರದ ಪಟ್ಟಿಗಳ ಮೇಲೆ ಕೋಲು ಕುಣಿಸುವ ವಾದ್ಯ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿಯಾರು. ಕೇಳಿದರೆ ತಿಳಿಯುತ್ತದೆ: ಇಡೀ ಹಾಡು ಮೂಳೆಗಳ ಕುಣಿತದಂತೆ ಗಲಗಲಿಸುತ್ತದೆ. ಈ ಹಾಡು ಶಿಕಾಗೋದ ಬ್ಲೂಸ್ ಗುರು ವಿಲ್ಲಿ ಡಿಕ್ಸನ್‌ನ ಒಂದು ರಚನೆಯಿಂದ ಒಂದು ಭಾಗವನ್ನು ಎತ್ತಿಕೊಂಡಿದೆ, ಅವನ ಹೆಸರನ್ನೂ ರಚನಕಾರರಲ್ಲಿ ಸೇರಿಸಿದೆ. ಡಿಕ್ಸನ್ ಸ್ವತಃ ಬೇಸ್ ವಾದಕ. ಬ್ಲೂಸ್ ಚರಿತ್ರೆಯಲ್ಲಿ ಡಬಲ್ ಬೇಸ್ ಹಿಡಿದು ನಿಂತು, ಹಾಡು ಕಟ್ಟಿ, ಧ್ವನಿಮುದ್ರಣಗಳನ್ನು ನಡೆಸಿದ ದೊಡ್ಡ ಆಳು. ಬೇಸಿನವನು ಹಿಂದೆ ನಿಲ್ಲಬೇಕೆಂಬ ಕಟ್ಟಳೆ ಆ ಮಣ್ಣಿನಲ್ಲಿ ಮೊದಲೇ ಮುರಿದಿತ್ತು.

ಆಲ್ಬಮ್ ಬಂದಾಗ ಅದು ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಮೊದಲ ಇನ್ನೂರು ಆಲ್ಬಮ್‌ಗಳ ಪಟ್ಟಿಗೇ ಸೇರಲಿಲ್ಲ. ದೊಡ್ಡ ರೇಡಿಯೋಗಳು ನುಡಿಸಲಿಲ್ಲ. ಕಾಲೇಜು ರೇಡಿಯೋಗಳು ನುಡಿಸಿದವು, ವಿದ್ಯಾರ್ಥಿಗಳು ಕ್ಯಾಸೆಟ್ಟಿಗೆ ಇಳಿಸಿಕೊಂಡರು, ಅಣ್ಣನಿಂದ ತಮ್ಮನಿಗೆ, ಹಾಸ್ಟೆಲಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಅದು ಹೋಯಿತು. ಪ್ರತಿವರ್ಷ ಹೊಸದಾಗಿ ಹದಿನೇಳು ತುಂಬಿದವರು ಅದನ್ನು ಹೊಸದಾಗಿ ಕಂಡುಕೊಂಡರು. 1991ರ ಫೆಬ್ರವರಿಯಲ್ಲಿ ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಸಿಕ್ಕ ಮೇಲೆ, ಅದೇ ಆಗಸ್ಟಿನಲ್ಲಿ, ಅದು ಮೊದಲ ಬಾರಿ ಪಟ್ಟಿಗೆ ಬಂದು 171ನೇ ಸ್ಥಾನಕ್ಕೆ ಏರಿತು. ಹತ್ತು ಸಾವಿರ ಡಾಲರ್ ಸಾಲದ ರೆಕಾರ್ಡಿಗೆ ಈ ಲೆಕ್ಕ ಸಣ್ಣದಲ್ಲ.

ಎರಡನೆಯ ಆಲ್ಬಮ್ ‘ಹ್ಯಾಲೋಡ್ ಗ್ರೌಂಡ್’ 1984ರದು. ಗ್ಯಾನೊ ದೈವಭಕ್ತ, ಕ್ರೈಸ್ತ ಭಕ್ತಿಗೀತೆಗಳನ್ನೂ ಬರೆದಿದ್ದ. ರಿಚಿಗೆ ಆ ನಂಬಿಕೆ ಇರಲಿಲ್ಲ, ಅಂಥ ಹಾಡು ನುಡಿಸಲು ಮೊದಲು ಅವನ ಮನಸ್ಸು ಒಪ್ಪಿರಲಿಲ್ಲ. ಈಗ ಒಪ್ಪಿದ. ಅದರ ಫಲ ಅಮೆರಿಕದ ಹಳ್ಳಿಹಾಡು, ಚರ್ಚಿನ ಹಾಡು, ಕೊಲೆಯ ಲಾವಣಿ, ಜ್ಯಾಝ್ ಎಲ್ಲ ಕಲಸಿಹೋದ ವಿಚಿತ್ರ ರೆಕಾರ್ಡು. ನ್ಯೂಯಾರ್ಕಿನ ಪ್ರಯೋಗಶೀಲ ಸ್ಯಾಕ್ಸೋಫೋನ್ ವಾದಕ ಜಾನ್ ಝೋರ್ನ್ ಕೂಡ ಇದರಲ್ಲಿ ನುಡಿಸಿದ್ದಾನೆ. ಕಛೇರಿಗಳಲ್ಲಿ ಊರೂರಿನ ಗೆಳೆಯರು ತುತ್ತೂರಿ, ಸ್ಯಾಕ್ಸೋಫೋನ್, ಕೈಗೆ ಸಿಕ್ಕಿದ್ದನ್ನು ಹಿಡಿದು ವೇದಿಕೆ ಹತ್ತುವ ಪದ್ಧತಿಯೂ ಬೆಳೆಯಿತು. ಆ ಬದಲಾಗುವ ಮೇಳಕ್ಕೆ ಹಾರ್ನ್ಸ್ ಆಫ್ ಡಿಲೆಮ ಎಂದು ಹೆಸರು. ಮೊದಲ ಆಲ್ಬಮ್ಮಿನಂಥದನ್ನೇ ಕಾಯುತ್ತಿದ್ದ ಕೇಳುಗರು ಇದರಿಂದ ಗಲಿಬಿಲಿಗೊಂಡರು. ನನ್ನ ಮಟ್ಟಿಗೆ ತಂಡದ ಅತ್ಯಂತ ಧೈರ್ಯದ ಕೆಲಸ ಇದೇ. ಜನಪದ ಪಂಕ್ ಎಂಬ ಮಾತಿನಲ್ಲಿ ಜನಪದಕ್ಕೆ ನಿಜವಾದ ಬೆಲೆ ಬಂದದ್ದು ಇಲ್ಲಿ.

1986ರ ಮೂರನೆಯ ಆಲ್ಬಮ್ಮನ್ನು ಟಾಕಿಂಗ್ ಹೆಡ್ಸ್ ತಂಡದ ಜೆರಿ ಹ್ಯಾರಿಸನ್ ನಿರ್ಮಿಸಿದ. ಅವನೂ ಮಿಲ್ವಾಕಿಯವನೇ. ಆಮೇಲೆ ಕೆಲಕಾಲ ತಂಡ ನಿಂತಿತು. ರಿಚಿ ಆ ಬಿಡುವಿನಲ್ಲಿ ಕ್ಯಾಲಿಫೋರ್ನಿಯಾದ ಪಂಕ್ ಸಂಸ್ಥೆ ಎಸ್ಎಸ್‌ಟಿ ಮೂಲಕ ತನ್ನದೇ ಆಲ್ಬಮ್‌ಗಳನ್ನು ತಂದ. 1987ರ ‘ದ ಬ್ಲೆಂಡ್’ ಮೊದಲನೆಯದು. 1991ರ ‘ಅಮೆರಿಕನ್ ಮ್ಯೂಸಿಕ್’ ಹಾಡು ತಂಡವನ್ನು ಮತ್ತೆ ರೇಡಿಯೋಕ್ಕೆ ತಂದಿತು. 1993ರಲ್ಲಿ ಡಿಲೊರೆಂಜೊ ಹೊರಟುಹೋದ, ಅವನ ಜಾಗಕ್ಕೆ ಗೈ ಹಾಫ್‌ಮನ್ ಬಂದ. ತೊಂಬತ್ತರ ದಶಕದ ಉಳಿದ ಆಲ್ಬಮ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದಂತೂ ಮೊದಲು ಆಸ್ಟ್ರೇಲಿಯಾದಲ್ಲಷ್ಟೇ ಬಿಡುಗಡೆಯಾಯಿತು. ಅಷ್ಟರಲ್ಲಿ ಹಳೆಯ ಹಾಡುಗಳು ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದವು. ‘ಬ್ಲಿಸ್ಟರ್ ಇನ್ ದ ಸನ್’ 1994ರಲ್ಲಿ ಒಂದು ಟಿವಿ ಧಾರಾವಾಹಿಯಲ್ಲಿ, 1997ರಲ್ಲಿ ‘ಗ್ರೋಸ್ ಪಾಯಿಂಟ್ ಬ್ಲ್ಯಾಂಕ್’ ಸಿನಿಮಾದಲ್ಲಿ ಬಂದು ಇನ್ನೊಂದು ತಲೆಮಾರಿಗೆ ದಾಟಿತು. 2006ರಲ್ಲಿ ನಾರ್ಲ್ಸ್ ಬಾರ್ಕ್ಲಿ ಜೋಡಿ ‘ಗಾನ್ ಡ್ಯಾಡಿ ಗಾನ್’ ಹಾಡನ್ನು ತನ್ನದೇ ರೀತಿಯಲ್ಲಿ ಹಾಡಿತು. ಎರಡು ವರ್ಷದ ಮೇಲೆ ಫೆಮ್ಸ್ ಆ ಜೋಡಿಯ ‘ಕ್ರೇಜಿ’ಯನ್ನು ಹಾಡಿ ಮುಯ್ಯಿ ತೀರಿಸಿದರು.

ಹಾಡಿಗೆ ಬೆಲೆ ಬಂದಂತೆ ಅದು ಯಾರದು ಎಂಬ ಪ್ರಶ್ನೆಗೂ ಬೆಲೆ ಬಂತು. ಅಮೆರಿಕದ ಕಾನೂನಿನಲ್ಲಿ ಒಂದು ರೆಕಾರ್ಡಿನ ಮೇಲೆ ಎರಡು ಹಕ್ಕು. ಸಾಹಿತ್ಯ ಮತ್ತು ಸಂಗೀತದ ರಚನೆ ಒಂದು, ಧ್ವನಿಮುದ್ರಣ ಇನ್ನೊಂದು. ರಚನೆಯ ಹಣ ರಚನಕಾರನಿಗೆ ಹೋಗುತ್ತದೆ. ಸ್ಟುಡಿಯೋದಲ್ಲಿ ಹಾಡಿಗೆ ಮೈ ಕೊಟ್ಟ ವಾದಕ, ಅವನ ಹೆಸರು ರಚನಕಾರರ ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ಹಣದ ಹತ್ತಿರ ಸುಳಿಯುವಂತಿಲ್ಲ. ಫೆಮ್ಸ್ ಹಾಡುಗಳ ಪಟ್ಟಿಯಲ್ಲಿ ಗ್ಯಾನೊನ ಹೆಸರೊಂದೇ ಬಹುತೇಕ ಎಲ್ಲೆಡೆ. 2007ರಲ್ಲಿ ‘ಬ್ಲಿಸ್ಟರ್ ಇನ್ ದ ಸನ್’ ವೆಂಡೀಸ್ ಎಂಬ ಹ್ಯಾಂಬರ್ಗರ್ ಹೋಟೆಲುಗಳ ಟಿವಿ ಜಾಹೀರಾತಿಗೆ ಹೋಯಿತು. ಒಪ್ಪಿಗೆ ಕೊಟ್ಟವನು ಗ್ಯಾನೊ. ರಿಚಿ ಬಹಿರಂಗವಾಗಿಯೇ ಕೆರಳಿದ. ಅದೇ ಆಗಸ್ಟಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಗ್ಯಾನೊ ಮೇಲೆ ದಾವೆ ಹೂಡಿದ: ಹಾಡುಗಳ ಒಡೆತನದಲ್ಲಿ ಪಾಲು ಬೇಕು, ಬಂದ ಹಣದ ಲೆಕ್ಕ ಬೇಕು. 2009ರಲ್ಲಿ ತಂಡ ಒಡೆಯಿತು.

ಕಾನೂನಿನ ಪ್ರಕಾರ ಗ್ಯಾನೊನ ಪಕ್ಷ ಗಟ್ಟಿ. ಆ ಮಾತುಗಳು, ಆ ಮಟ್ಟುಗಳು ಶಾಲಾಹುಡುಗನಾಗಿದ್ದಾಗ ಅವನ ತಲೆಯಿಂದ ಬಂದವು. ಅದನ್ನು ಯಾರೂ ಕಿತ್ತುಕೊಳ್ಳಲಾಗದು. ಆದರೆ ಹ್ಯಾಂಬರ್ಗರ್ ಮಾರುವವರಿಗೆ ಬೇಕಾಗಿದ್ದು ಮಾತುಗಳಲ್ಲ. ನೋಡುಗರು ತಲೆಯೆತ್ತುವಂತೆ ಮಾಡುವ ಆ ಆರಂಭದ ವರಸೆ, ಆ ಮರದ ದನಿ, ಎರಡು ಪೆಟ್ಟು. ಅದು ಮೂವರು ಸೇರಿ ಬೀದಿಯಲ್ಲಿ ಕಟ್ಟಿದ್ದು. ನನ್ನ ತೀರ್ಪು ಕೇಳಿದರೆ, ರಿಚಿಗೆ ಕಾನೂನಿನಲ್ಲಿ ಬಲ ಕಡಿಮೆಯಿದ್ದರೂ ನ್ಯಾಯ ಅವನ ಕಡೆಗೂ ಇತ್ತು. ಹೆಸರು ಬರೆದುಕೊಳ್ಳುವ ಹೊತ್ತಿನಲ್ಲಿ ಇಪ್ಪತ್ತರ ಹುಡುಗರು ಕೂತು ಪಾಲು ಮಾತಾಡಿಕೊಳ್ಳುವುದಿಲ್ಲ, ನಲವತ್ತಾರರಲ್ಲಿ ವಕೀಲರ ಮೂಲಕ ಮಾತಾಡಬೇಕಾಗುತ್ತದೆ.

ಜಗಳದ ನಡುವೆ ರಿಚಿ ಬೇರೆಯೇ ಎರಡು ದಾರಿಗಳಲ್ಲಿ ನಡೆದಿದ್ದ. ಒಂದು, ಜಪಾನಿನ ಬಿದಿರ ಕೊಳಲು ಶಾಕುಹಾಚಿ. ಐದೇ ತೂತಿನ, ತುದಿಗೆ ತುಟಿಯಿಟ್ಟು ಊದುವ ಈ ಕೊಳಲನ್ನು ಹಿಂದೆ ಝೆನ್ ಪಂಥದ ಅಲೆಮಾರಿ ಸನ್ಯಾಸಿಗಳು ಧ್ಯಾನಕ್ಕಾಗಿ ನುಡಿಸುತ್ತಿದ್ದರು. ರಿಚಿ ಇದನ್ನು ಹವ್ಯಾಸಕ್ಕೆ ಬಿಡಲಿಲ್ಲ. ಗುರುಮುಖೇನ ಕಲಿತು 2003ರಲ್ಲಿ ಇತರರಿಗೆ ಕಲಿಸುವ ಅಧಿಕೃತ ಪರವಾನಗಿ ಪಡೆದ. ಮಂದ್ರ ತಂತಿಯನ್ನು ಬಡಿದು ದನಿ ಹೊರಡಿಸಿದವನು ಉಸಿರೊಂದರಿಂದ ದನಿ ಹೊರಡಿಸುವುದನ್ನು ಮೊದಲಿನಿಂದ ಕಲಿತ. ಇನ್ನೊಂದು ದಾರಿ ಆಸ್ಟ್ರೇಲಿಯಾದ್ದು. ತಂಡವನ್ನು ಆರಂಭದಿಂದಲೂ ಪ್ರೀತಿಯಿಂದ ಕಂಡ ದೇಶ ಅದು. ರಿಚಿ ಅಲ್ಲಿಯ ತಾಸ್ಮೇನಿಯಾ ದ್ವೀಪದ ಹೋಬಾರ್ಟ್ ನಗರದಲ್ಲಿ ನೆಲೆಸಿದ. ಜೂಜಿನ ಲೆಕ್ಕಾಚಾರದಲ್ಲಿ ಹಣ ಮಾಡಿದ ಡೇವಿಡ್ ವಾಲ್ಶ್ ಎಂಬಾತ ಅಲ್ಲಿ ಮೋನಾ ಎಂಬ ಕಲಾ ಸಂಗ್ರಹಾಲಯ ಕಟ್ಟುತ್ತಿದ್ದ. ಅದು ತೆರೆದದ್ದು 2011ರಲ್ಲಿ. ಅದಕ್ಕೂ ಮೊದಲೇ, 2009ರ ಜನವರಿಯಲ್ಲಿ, ಅದರ ಹೆಸರಿನ ಮೋನಾ ಫೋಮಾ ಸಂಗೀತ ಕಲಾ ಉತ್ಸವ ರಿಚಿಯ ಸಂಯೋಜನೆಯಲ್ಲಿ ಶುರುವಾಯಿತು. ಜಾನ್ ಕೇಲ್, ಪಿ.ಜೆ. ಹಾರ್ವಿ ಅಂಥ ಹೆಸರಾಂತ ಸಂಗೀತಗಾರರು ಆ ದೂರದ ದ್ವೀಪಕ್ಕೆ ಬಂದರು. 2024ರವರೆಗೆ ಆ ಉತ್ಸವ ನಡೆಯಿತು. ಒಂದು ಸಣ್ಣ ಊರಿಗೆ ದೊಡ್ಡ ಸಂಗೀತ ಬರುವುದಿಲ್ಲ ಎಂಬ ಮಾತನ್ನು ಮಿಲ್ವಾಕಿಯ ಹುಡುಗ ಒಪ್ಪಬೇಕಾದ ಕಾರಣವಿರಲಿಲ್ಲ. ಈ ನಡುವೆ ಮಿಡ್‌ನೈಟ್ ಆಯಿಲ್ ತಂಡದ ಮೂವರ ಜತೆ ಸೇರಿ ದ ಬ್ರೇಕ್ ಎಂಬ ತಂಡದಲ್ಲೂ ಬೇಸ್ ನುಡಿಸಿದ. ಅವರ ಮೊದಲ ಆಲ್ಬಮ್ 2010ರದು.

2013ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ವೈಲೆಂಟ್ ಫೆಮ್ಸ್ ಮತ್ತೆ ಒಂದಾದರು. ಮೂವತ್ತು ವರ್ಷದ ಹಿಂದಿನ ಮೊದಲ ಆಲ್ಬಮ್ಮನ್ನು ಆದಿಯಿಂದ ಅಂತ್ಯದವರೆಗೆ ನುಡಿಸಿದರು. ಆ ಬಿಸಿಲಲ್ಲಿ ನಿಂತು ಜತೆಗೂಡಿ ಹಾಡಿದವರಲ್ಲಿ ಆಲ್ಬಮ್ ಬಂದಾಗ ಹುಟ್ಟಿಯೇ ಇರದವರು ಬಹಳ. ಡಿಲೊರೆಂಜೊ ಅದೇ ವರ್ಷ ಮತ್ತೆ ಹೊರಟ. ಈಗ ತಾಳ ಹಿಡಿಯುವವನು ಜಾನ್ ಸ್ಪ್ಯಾರೋ. ಅವನು ಮಾಂಸ ಸುಡುವ ಕೆಂಡದೊಲೆಯನ್ನೇ ವೇದಿಕೆಗೆ ತಂದು ಬ್ರಶ್ಶಿನಿಂದ ನುಡಿಸುತ್ತಾನೆ, ತಗಡಿನ ಬುಟ್ಟಿಯ ಪರಂಪರೆಗೆ ತಕ್ಕ ಉತ್ತರಾಧಿಕಾರಿ. 2016ರಲ್ಲಿ ಒಂದು, 2019ರಲ್ಲಿ ಇನ್ನೊಂದು ಹೊಸ ಆಲ್ಬಮ್ ಬಂದವು. ಗ್ಯಾನೊ ಮತ್ತು ರಿಚಿ ಇಂದಿಗೂ ಒಂದೇ ವೇದಿಕೆಯಲ್ಲಿ ನಿಲ್ಲುತ್ತಾರೆ.

1989ರಲ್ಲಿ ಎಂಟಿವಿ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಶುರುಮಾಡಿ ದೊಡ್ಡ ದೊಡ್ಡ ತಂಡಗಳನ್ನು ಮರದ ವಾದ್ಯಗಳೊಂದಿಗೆ ಕೂರಿಸಿತು. ಅಕೌಸ್ಟಿಕ್ ಬೇಸ್ ಗಿಟಾರಿಗೆ ಒಮ್ಮೆಲೇ ಬೇಡಿಕೆ ಬಂತು, ಹಲವು ಕಂಪನಿಗಳು ತಯಾರಿಸತೊಡಗಿದವು. ಅಷ್ಟು ಹೊತ್ತಿಗೆ ರಿಚಿ ಆ ವಾದ್ಯವನ್ನು ಹಿಡಿದು ಎಂಟು ವರ್ಷದ ಮೇಲಾಗಿತ್ತು. ಇದಕ್ಕಾಗಿ ಅವನಿಗೆ ರಾಯಧನ ಕೊಡುವ ಕಾನೂನು ಯಾವ ದೇಶದಲ್ಲೂ ಇಲ್ಲ. 1983ರ ಆಲ್ಬಮ್ಮನ್ನು ನೀವು ಕೇಳುವುದಾದರೆ ನನ್ನದೊಂದು ಕೋರಿಕೆ: ಮೊದಲ ಸಲ ಮಾತುಗಳ ಕಡೆ ಗಮನ ಕೊಡಬೇಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹತ್ತೂ ಹಾಡುಗಳನ್ನು ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿ.